ಹೆಜ್ಜೆಗಳ ಲೆಕ್ಕ

ಹುಮನಾಬಾದಿನ ಬಳಿಯ ಹುಡಗಿ ಗ್ರಾಮದಿಂದ ಬೀದರಿನ ಇಂಜಿನಿಯರಿಂಗ್ ಕಾಲೇಜಿಗೆ ಬರುವ ವಿದ್ಯಾರ್ಥಿಯನ್ನು ‘ಅಲ್ಗಾರಿದಮ್’ ಎಂಬ ಪದವೇ ಮೊದಲು ಬೆದರಿಸೀತು. ಒಂಬತ್ತನೆಯ ಶತಮಾನದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಿಂದ ಬಂದ ಮಾತದು. ಅದೇ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿಯೂ ಹೆಜ್ಜೆಹೆಜ್ಜೆಯಾಗಿ ನಡೆಸಬೇಕಾದ ಇಂಥ ವಿಧಿಗಳೇ ಇವೆ.

ಈ ವ್ಯಾಸಂಗದ ತಿರುಳು ಹೆಜ್ಜೆಗಳನ್ನು ಎಣಿಸುವುದು. 1,000 ಪದಗಳ ನಿಘಂಟನ್ನು ಮೊದಲಿನಿಂದ ಓದುತ್ತ ಹುಡುಕಿದರೆ 1,000 ಸಲ ನೋಡಬೇಕಾದೀತು. ನಡುವೆ ತೆರೆದು, ಬೇಡದ ಅರ್ಧವನ್ನು ಬಿಡುತ್ತ ಹೋದರೆ 10 ನೋಟ ಸಾಕು. 10 ಲಕ್ಷ ಪದಗಳಿದ್ದರೂ 20.

ಇದನ್ನು ಇಂಗ್ಲಿಷಿನಲ್ಲಿ ಅಕ್ಷರ ತಪ್ಪದಂತೆ ಒಪ್ಪಿಸಿದ ಹುಡುಗನೊಬ್ಬನನ್ನು, ಪದಗಳು ಅಕಾರಾದಿಯಲ್ಲಿ ಇಲ್ಲದಿದ್ದರೆ ಏನಾದೀತೆಂದು ಇಂಗ್ಲಿಷಿನಲ್ಲೇ ಕೇಳಿದೆ. ಮೌನ. ಕನ್ನಡದಲ್ಲಿ ಕೇಳಿದೆ. ಕ್ಷಣ ತಡೆದು, ‘ಬಿಟ್ಟ ಅರ್ಧದಾಗ ಆ ಪದ ಇರಬಹುದಲ್ರಿ, ಸರ್!’ ಎಂದ.