ಸಂಶೋಧನೆಗೆ ಹಣ ಕೇಳುವ ಅರ್ಜಿ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ಅರ್ಜಿ ಬರೆಯುವುದರಲ್ಲಿ ಪಳಗಿದವರು. ರಜೆಗೆ, ಮುಂಗಡಕ್ಕೆ, ವರ್ಗಾವಣೆಗೆ, ಎಷ್ಟು ಬರೆದಿಲ್ಲ! ಈಗ ಸಂಘದ ಕೆಲವರ ಮಕ್ಕಳು ವೈದ್ಯಕೀಯ ಓದುತ್ತಿದ್ದು, ಸಂಶೋಧನೆಗೆ ಹಣ ಕೇಳುವ ಅರ್ಜಿ ಹೇಗೆಂದು ವಿಚಾರಿಸುತ್ತಾರೆ.

ಇಂಥ ಹಣ ಕೊಡುವ ದೊಡ್ಡ ಸಂಸ್ಥೆ ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು. 1911ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ, 1949ರಲ್ಲಿ ಈ ಹೆಸರು ಪಡೆಯಿತು. ವೈದ್ಯ ವಿದ್ಯಾರ್ಥಿಗಳ ಎರಡು ತಿಂಗಳ ಸಂಶೋಧನೆಗೆ ಅದು 1979ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು.

ನನ್ನ ಮೊದಲ ಅರ್ಜಿಯ ವಿಷಯ 'ವಿದರ್ಭದ ಕಾರ್ಮಿಕರ ಆರೋಗ್ಯ'. ಹಿಂದಕ್ಕೆ ಬಂತು. ಬಂದದ್ದು ನ್ಯಾಯವೇ, ಅದರಲ್ಲಿ ಮರುಕವಿತ್ತು, ಪ್ರಶ್ನೆಯಿರಲಿಲ್ಲ.

ಪ್ರಶ್ನೆ ಎಂದರೇನು? ಇಲ್ಲಿನ ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಹೆಸರು ಕೇಳಿರುತ್ತೀರಿ. ಕೆಂಪು ಕಣಗಳು ಕುಡುಗೋಲಿನಂತೆ ಬಾಗುತ್ತವೆ. ನಾಗಪುರದ ಶುಕ್ಲಾ ಮತ್ತು ಸೋಲಂಕಿ ಎಂಬ ವೈದ್ಯರು 1958ರಲ್ಲಿಯೇ ಮಧ್ಯಭಾರತದಲ್ಲಿ ಈ ದೋಷವಿರುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 'ಈ ಬಸ್ತಿಯಲ್ಲಿ ನೂರಕ್ಕೆ ಎಷ್ಟು ಮಂದಿಯ ರಕ್ತದಲ್ಲಿ ಈ ದೋಷವಿದೆ?' ಎಂದರೆ ಅದು ಪ್ರಶ್ನೆ.

ಮುಂದಿನದು ಲೆಕ್ಕ. ನೂರಕ್ಕೆ ಹತ್ತು ಎಂದು ಊಹಿಸಿ, ಉತ್ತರ ಮೂರರಷ್ಟು ಆಚೀಚೆಯಾದರೆ ಸಾಕು ಎಂದುಕೊಳ್ಳಿ. ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ಸುಮಾರು 384 ಜನರನ್ನು ಪರೀಕ್ಷಿಸಬೇಕು. ಎಂಟು ವಾರ, ವಾರಕ್ಕೆ ಆರು ದಿನ: ದಿನಕ್ಕೆ ಎಂಟು ಜನ. ಸೂಜಿ, ಔಷಧದ್ರವ್ಯ, ಬಸ್ಸಿನ ಖರ್ಚು ಎಲ್ಲವೂ ಈ ಸಂಖ್ಯೆಯಿಂದಲೇ ಹೊರಡಬೇಕು. ಗುಮಾಸ್ತರಿಗೆ ಇದನ್ನು ಹೇಳಿಕೊಡಬೇಕೆ? ಮೊತ್ತವನ್ನು ಮೊದಲೇ ನಿಶ್ಚಯಿಸಿ ಬಾಬುಗಳನ್ನು ಆಮೇಲೆ ತುಂಬಿದ ಪಟ್ಟಿಯನ್ನು ನೀವು ನೋಡಿದೊಡನೆ ಗುರುತಿಸುವಿರಿ, ದೆಹಲಿಯವರೂ ಗುರುತಿಸುತ್ತಾರೆ.

ಇನ್ನು, ಹುಡುಗರು ಎರಡೇ ಸಾಲಿನಲ್ಲಿ ಮುಗಿಸುವ ಭಾಗ: ಒಪ್ಪಿಗೆಪತ್ರ. ಆ 384 ಜನ ಯಾರು? ಕೂಲಿಗೆ ಹೋಗುವವರು, ನಮ್ಮಂತೆ ಹೊರಗಿನಿಂದ ಬಂದವರು. ಪತ್ರವು ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಪರಿಷತ್ತಿನ 2017ರ ನೀತಿಸೂತ್ರಗಳು ವಿಧಿಸಿವೆ. ಮರಾಠಿ ಬಾರದ ಕಲಬುರಗಿಯವನಿಗೆ ಮರಾಠಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ರಕ್ತದ ಫಲಿತಾಂಶ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಬರೆಯಬೇಕು. ದೋಷವನ್ನು ಹೊತ್ತೂ ಆರೋಗ್ಯವಾಗಿರುವ ಹುಡುಗಿಯ ಹೆಸರು ಬಸ್ತಿಯಲ್ಲಿ ಹರಡಿದರೆ, ಅವಳಿಗೆ ಗಂಡು ಹುಡುಕುವ ತಂದೆಯ ಪಾಡೇನು? ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರಿನ ಪಟ್ಟಿಯನ್ನು ಬೇರೆಡೆ ಬೀಗದೊಳಗಿಡುವುದು ರೂಢಿ. ಬೀಗದ ಕೈ ಯಾರಲ್ಲಿ ಎಂಬುದೂ ಅರ್ಜಿಯಲ್ಲಿರಲಿ.

ಕರಡಿನ ಮೊದಲ ಪುಟವನ್ನು ಮಕ್ಕಳು ತಮಗೆ ಓದಿ ಹೇಳಲಿ. ಅವರು ಏನನ್ನು ಹುಡುಕಹೊರಟಿದ್ದಾರೆಂದು ತಮಗೆ ತಿಳಿಯದಿದ್ದರೆ ಸಂಕೋಚವಿಲ್ಲದೆ ಕೇಳಿ, ಮತ್ತೊಮ್ಮೆ ಬರೆಸಿ.