ಉದ್ದನೆಯ ಹುಡುಗನನ್ನು ಆರಿಸುವ ಕಷ್ಟ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಶಾಸನವೋ ಇರಬೇಕೆಂಬುದು ವಾಡಿಕೆ. ಇವತ್ತಿನ ದತ್ತಿ ವಾಲಿಬಾಲ್ ಆಡುತ್ತಿದ್ದ ಹಿರಿಯರೊಬ್ಬರ ನೆನಪಿನದು. ಹಾಗಾಗಿ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬನಿಗೆ ಈ ಮೈಕಿನ ಮುಂದೆ ನಿಲ್ಲುವ ಯೋಗ ಬಂತು. ನಾನು ಎತ್ತಿಕೊಂಡಿರುವ ವಿಷಯ ಸಣ್ಣದು: ತಂಡಕ್ಕೆ ಉದ್ದನೆಯ ಹುಡುಗನನ್ನು ಆರಿಸುವುದು ಹೇಗೆ? ಇದು ಸುಲಭವೆಂದು ನಾನೂ ಬಹಳ ವರ್ಷ ನಂಬಿದ್ದೆ.

1. ಹದಿನೆಂಟು ಮೀಟರಿನ ಸಮತಟ್ಟು

ಸಕಲೇಶಪುರ, ಆಲೂರು ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ವಾಲಿಬಾಲ್ ಏಕೆ ಇಷ್ಟು ಬೇರು ಬಿಟ್ಟಿತೆಂದು ಯಾರಾದರೂ ಕೇಳಿದರೆ ಮೊದಲು ನೆಲ ತೋರಿಸುತ್ತೇನೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆ ಕ್ರಿಕೆಟ್ಟಿಗೆ ಬೇಕಾದಷ್ಟು ಸಮತಟ್ಟು ಬೇಕೆಂದರೆ ಒಂದು ಗುಡ್ಡವನ್ನೇ ಕಡಿಯಬೇಕು. ಬೌಂಡರಿ ದಾಟಿದ ಚೆಂಡು ತೋಟ ದಾಟಿ ಹಳ್ಳ ಸೇರುತ್ತದೆ. ವಾಲಿಬಾಲ್ ಅಂಕಣಕ್ಕೆ ಬೇಕಾದದ್ದು 18 ಮೀಟರ್ ಉದ್ದ, 9 ಮೀಟರ್ ಅಗಲ. ಕಾಫಿ ಹರಡದ ದಿನ ಕಣದಲ್ಲಿ ಅಷ್ಟು ಜಾಗ ಸಿಗುತ್ತದೆ. ಕೊಯ್ಲಾದ ಗದ್ದೆಯಲ್ಲಿ ಸಿಗುತ್ತದೆ. ಆಲೂರಿನ ಕಡೆ ನೆಲ ಸ್ವಲ್ಪ ಉದಾರಿ, ಅಲ್ಲಿ ಶಾಲೆಯ ಮುಂದೆಯೇ ಎರಡು ಅಂಕಣ ಬರೆಯಬಹುದು. ಕಂಬಕ್ಕೆ ಮರವಂತೂ ನಮ್ಮಲ್ಲಿ ಕೊರತೆಯಿಲ್ಲ. ಕಾಫಿ ಹಣ್ಣು ಕೊಯ್ದು ಮುಗಿದ ಮೇಲೆ ಬೇಸಿಗೆಯ ರಾತ್ರಿಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಶುರುವಾದರೆ ಊರಿಗೆ ಊರೇ ಕಂಬಳಿ ಹೊದ್ದು ಕೂರುತ್ತದೆ.

ಆದರೆ ಶಾಲಾ ತಂಡದ ಆಯ್ಕೆ ಬೇಸಿಗೆಯಲ್ಲಿ ನಡೆಯುವುದಿಲ್ಲ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಮೈಸೂರು ವಿಭಾಗ ಎಂದು ಮೆಟ್ಟಿಲು ಹತ್ತುವ ಈ ಕ್ರೀಡಾಕೂಟಗಳು ನಮ್ಮಲ್ಲಿ ಶುರುವಾಗುವುದೇ ಮಳೆಗಾಲದಲ್ಲಿ. ಒಂದು ಮಳೆ ನಿಂತು ಇನ್ನೊಂದು ಹಿಡಿಯುವುದರೊಳಗೆ ಹನ್ನೆರಡು ಹುಡುಗರ ಹೆಸರು ಬರೆದುಕೊಳ್ಳಬೇಕು. ಅಂಗಳ ಜಾರುತ್ತದೆ, ಚೆಂಡು ನೆನೆದು ಭಾರವಾಗಿರುತ್ತದೆ, ಯಾರ ಕೈ ಎಷ್ಟು ಪಳಗಿದೆ ಎಂದು ತಿಳಿಯುವುದಿಲ್ಲ. ಅಂಥ ಅರ್ಧ ಗಂಟೆಯಲ್ಲಿ ಕಣ್ಣಿಗೆ ಖಚಿತವಾಗಿ ಕಾಣುವ ಗುಣ ಒಂದೇ, ಎತ್ತರ. ಕೊಡೆ ಹಿಡಿದು ನಿಂತ ಮೇಷ್ಟ್ರು ಅದನ್ನೇ ಹಿಡಿದುಕೊಳ್ಳುತ್ತಾರೆ. ಇದರಲ್ಲಿ ಅವರದೊಬ್ಬರದೇ ತಪ್ಪಿಲ್ಲ.

2. ಸರದಿಯ ಆಟ

ಎತ್ತರ ನೋಡಿ ಆರಿಸುವ ಈ ತೊಡಕು ನಮ್ಮದೊಂದೇ ಅಲ್ಲ. ಆಸ್ಟ್ರೇಲಿಯದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ದೊಡ್ಡ ಮೈದಾನ, ಒಂದೊಂದು ಕಡೆ 18 ಜನ. ಕಾಲಲ್ಲಿ ಒದೆಯುತ್ತಾರೆ, ಗಾಳಿಯಲ್ಲೇ ಹಿಡಿಯುತ್ತಾರೆ. ಮೈದಾನದ ಬೆನ್ನುಮೂಳೆಯ ಉದ್ದಕ್ಕೂ, ಎರಡೂ ಗೋಲುಗಳ ಮುಂದೆ, ಎತ್ತರದ ಆಳುಗಳನ್ನು ನಿಲ್ಲಿಸುತ್ತಾರೆ. ಗೋಲು ಹೊಡೆಯಲು ಇಬ್ಬರು, ತಡೆಯಲು ಇಬ್ಬರು. ಅವನ್ನು ಅವರು ಕೀಲಿ ಸ್ಥಾನಗಳೆನ್ನುತ್ತಾರೆ. ಆ ನಾಲ್ವರು ನಿಂತರೆ ತಂಡ ನಿಂತಂತೆ.

ಹೊಸ ಹುಡುಗರನ್ನು ಹಂಚಿಕೊಳ್ಳಲು ಅಲ್ಲಿ 1986ರಿಂದ ಡ್ರಾಫ್ಟ್ ಎಂಬ ಪದ್ಧತಿ ಇದೆ. ನಮ್ಮ ಐಪಿಎಲ್, ಪ್ರೊ ಕಬಡ್ಡಿಗಳ ಹರಾಜಿನಲ್ಲಿ ದುಡ್ಡಿದ್ದವನು ಕೂಗುತ್ತಾನೆ. ಡ್ರಾಫ್ಟಿನಲ್ಲಿ ಸರದಿ. ಮುಗಿದ ಋತುವಿನಲ್ಲಿ ಕೊನೆಗೆ ಉಳಿದ ತಂಡಕ್ಕೆ ಮೊದಲ ಸರದಿ. ಸೋತವನಿಗೆ ಮೊದಲ ತುತ್ತು ಎನ್ನುವ ನ್ಯಾಯ. ಮೊದಲ ಸರದಿ ಸಿಕ್ಕವನ ಮೇಲೆ ಭಾರ ಎಷ್ಟಿರುತ್ತದೆಂದು ಯೋಚಿಸಿ. ಹದಿನೆಂಟರ ಆಸುಪಾಸಿನ ಹುಡುಗನೊಬ್ಬನನ್ನು ಇಡೀ ದೇಶದ ಎದುರು ಕೈ ತೋರಿಸಿ ಕರೆಯಬೇಕು.

2004ರಲ್ಲಿ ಹಾಥಾರ್ನ್ ತಂಡ ಎರಡನೆಯ ಸರದಿಯಲ್ಲಿ ಜ್ಯಾರಿಡ್ ರಫ್‌ಹೆಡ್, ಐದನೆಯ ಸರದಿಯಲ್ಲಿ ಲ್ಯಾನ್ಸ್ ಫ್ರ್ಯಾಂಕ್ಲಿನ್ ಎಂಬ ಇಬ್ಬರು ಉದ್ದನೆಯ ಹುಡುಗರನ್ನು ಕರೆದುಕೊಂಡಿತು. ಆ ತಂಡಕ್ಕೆ ಪ್ರಶಸ್ತಿ ಬಂದದ್ದು 2008ರಲ್ಲಿ. ಆ ಒಂದೇ ವರ್ಷ ಫ್ರ್ಯಾಂಕ್ಲಿನ್ 113 ಗೋಲು ಹೊಡೆದ. 2023ರಲ್ಲಿ ನಿವೃತ್ತನಾಗುವ ಹೊತ್ತಿಗೆ ಅವನ ಲೆಕ್ಕ 1066. ಅವನಿಗಿಂತ ಮೊದಲು ನಾಲ್ವರ ಹೆಸರು ಕೂಗಿದ್ದರು ಎಂಬುದನ್ನು ಅಲ್ಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನಡುವಿನ ನಾಲ್ಕು ವರ್ಷ. ಗಿಡ ನೆಟ್ಟವನು ಮೊದಲ ಫಸಲಿಗೆ ಕಾಯುವಷ್ಟೇ ಕಾಲ. ಕಾಫಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕತೆ ಟಾಮ್ ಬಾಯ್ಡ್‌ನದು. ಎರಡು ಮೀಟರ್ ಎತ್ತರದ ಹುಡುಗ. 2013ರಲ್ಲಿ ಮೊದಲ ಸರದಿಯಲ್ಲೇ ಆಯ್ಕೆಯಾದ. ಒಂದೇ ವರ್ಷಕ್ಕೆ ಇನ್ನೊಂದು ತಂಡ ಏಳು ವರ್ಷದ ಕರಾರು, ದೊಡ್ಡ ಮೊತ್ತ ಕೊಟ್ಟು ಸೆಳೆದುಕೊಂಡಿತು. 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದು, 62 ವರ್ಷ ಪ್ರಶಸ್ತಿಯ ಮುಖ ಕಾಣದಿದ್ದ ಆ ತಂಡದ ಗೆಲುವಿಗೆ ಹೆಗಲು ಕೊಟ್ಟ. ಆದರೂ 2019ರಲ್ಲಿ, 23ನೆಯ ವಯಸ್ಸಿಗೆ ಆಟ ಬಿಟ್ಟ. ಮನಸ್ಸು ಬಳಲಿದೆ ಎಂದು ಬಾಯಿಬಿಟ್ಟೇ ಹೇಳಿದ. ಅವನನ್ನು ಆರಿಸಿದ್ದು ತಪ್ಪೋ ಸರಿಯೋ ಎಂದು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

3. ಮೊಳಕೆಯಲ್ಲಿ ಕಾಣದ ಪೈರು

ಬೆಳೆಯುವ ಪೈರು ಮೊಳಕೆಯಲ್ಲೇ ಎಂದು ನಾವು ಗಾದೆ ಹೇಳುತ್ತೇವೆ. ಎತ್ತರದ ವಿಷಯದಲ್ಲಿ ಮಾತ್ರ ಈ ಗಾದೆ ಕೈಕೊಡುತ್ತದೆ.

ಗಂಡುಮಕ್ಕಳು ಭರದಿಂದ ಉದ್ದವಾಗುವುದು ಸುಮಾರು 14ನೆಯ ವಯಸ್ಸಿನಲ್ಲಿ, ಹೆಣ್ಣುಮಕ್ಕಳು ಸುಮಾರು 12ರಲ್ಲಿ. ಆ ಭರದ ವರ್ಷದಲ್ಲಿ ಹುಡುಗ 9–10 ಸೆಂಟಿಮೀಟರ್ ಬೆಳೆಯುವುದುಂಟು. ಆದರೆ ಎಲ್ಲರಿಗೂ ಆ ಕಾಲ ಒಟ್ಟಿಗೆ ಬರುವುದಿಲ್ಲ. ಒಬ್ಬನಿಗೆ ಹನ್ನೆರಡಕ್ಕೇ ಬರುತ್ತದೆ, ಇನ್ನೊಬ್ಬನಿಗೆ ಹದಿನಾರಕ್ಕೆ. ಎಂಟನೆಯ ತರಗತಿಯ ಸಾಲಿನಲ್ಲಿ ಎಲ್ಲರಿಗಿಂತ ಉದ್ದ ನಿಂತವನು ಮುಂದೆಯೂ ಎಲ್ಲರಿಗಿಂತ ಉದ್ದವಾಗುವವನೋ, ಬೇಗ ಬೆಳೆದು ಬೇಗ ನಿಲ್ಲುವವನೋ, ಬರಿಗಣ್ಣಿಗೆ ಹೊಳೆಯುವುದಿಲ್ಲ. ಮೀಸೆ ಚಿಗುರಿದ್ದರೆ, ದನಿ ಒಡೆದಿದ್ದರೆ, ಅವನ ಓಟ ಬಹುಪಾಲು ಮುಗಿದಿರಬಹುದು. ಹೆಣ್ಣುಮಕ್ಕಳ ತಂಡದಲ್ಲಿ ಉದ್ದ ನೋಡಿ ಆರಿಸುವ ಇದೇ ತಪ್ಪು ಇನ್ನೂ ಎರಡು ವರ್ಷ ಮೊದಲೇ ಆಗಿಬಿಡುತ್ತದೆ.

ಊಹಿಸಲು ಕೆಲವು ದಾರಿಗಳಿವೆ. ತಂದೆ ತಾಯಿಯರ ಎತ್ತರ ಕೂಡಿಸಿ, ಹುಡುಗನಾದರೆ 13 ಸೆಂಟಿಮೀಟರ್ ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸುವುದು ವೈದ್ಯರು ಬಳಸುವ ಸರಳ ಲೆಕ್ಕ. ತಂದೆ 170, ತಾಯಿ 157 ಇದ್ದರೆ ಮಗ 170ರ ಆಸುಪಾಸು. ಆದರೆ ಆಸುಪಾಸು ಎಂದರೆ ಎಂಟು ಹತ್ತು ಸೆಂಟಿಮೀಟರ್ ಆಚೀಚೆ, ಮತ್ತು ವಾಲಿಬಾಲಿನಲ್ಲಿ ಹತ್ತು ಸೆಂಟಿಮೀಟರ್ ಎಂದರೆ ಒಂದು ಜನ್ಮದಷ್ಟು ದೂರ. ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವುದು ಇನ್ನೂ ನಿಖರ. ಹೋಬಳಿ ಕ್ರೀಡಾಕೂಟಕ್ಕೆ ಎಕ್ಸ್-ರೇ ಎಲ್ಲಿಂದ ತರೋಣ?

ಇನ್ನು ಬಲೆಗೆ ಹುಡುಗನ ನೆತ್ತಿ ಎಲ್ಲಿದೆ ಎಂಬುದು ಬೇಕಿಲ್ಲ, ಬೆರಳ ತುದಿ ಎಲ್ಲಿದೆ ಎಂಬುದಷ್ಟೇ ಬೇಕು. ಗಂಡಸರ ಬಲೆ 2.43 ಮೀಟರ್, ಹೆಂಗಸರದು 2.24. ಉದ್ದ ತೋಳು, ಒಳ್ಳೆಯ ನೆಗೆತ ಇರುವವನು ತನಗಿಂತ ಒಂದು ಗೇಣು ಉದ್ದ ಇರುವವನ ಬ್ಲಾಕಿನ ಮೇಲಿಂದ ಹೊಡೆಯಬಲ್ಲ. ಆದ್ದರಿಂದ ಅಳೆಯುವುದಾದರೆ ಎರಡೂ ಕೈ ಚಾಚಿಸಿ ಅಳೆಯಿರಿ, ಗೋಡೆಯ ಪಕ್ಕ ನೆಗೆಸಿ ಸುಣ್ಣದ ಗುರುತು ನೋಡಿ.

4. ಟವರ್

ಈಗ ನನ್ನ ತಪ್ಪಿನ ಕತೆ. ಸುಮಾರು ಮೂವತ್ತು ವರ್ಷದ ಹಿಂದಿನದು. ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗ, ಎಂಟನೆಯ ತರಗತಿಗೇ ಐದು ಅಡಿ ಎಂಟು ಇಂಚು. ನಾನು ಅವನಿಗೆ ‘ಟವರ್’ ಎಂದು ಹೆಸರಿಟ್ಟೆ. ಬಲೆಯ ಮುಂದೆ ನಿಲ್ಲಿಸಿ ಹೊಡೆಯುವುದೊಂದನ್ನೇ ಹೇಳಿಕೊಟ್ಟೆ, ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವ ಲಿಫ್ಟಿಂಗ್ ಕಲಿಸಲಿಲ್ಲ. ಹಿಂದಿನ ಸಾಲಿಗೆ ಸರದಿ ಬಂದಾಗ ಎದುರಾಳಿಗಳು ಸರ್ವಿಸನ್ನು ಅವನ ಕಾಲಬುಡಕ್ಕೇ ಹಾಕುತ್ತಿದ್ದರು. ಆಟ ಬಲ್ಲ ತಂಡ ಇವತ್ತಿಗೂ ಉದ್ದನೆಯವನನ್ನೇ ಹುಡುಕಿ ಸರ್ವಿಸ್ ಹಾಕುತ್ತದೆ. ನಾನು ಅವನಿಗೆ ಚೆಂಡು ಎತ್ತುವುದನ್ನು ಕಲಿಸುವ ಬದಲು ಪಕ್ಕದವನಿಗೆ ‘ನೀನು ಅಡ್ಡ ಬಂದು ತಗೊಳೋ’ ಎಂದು ಕೂಗುತ್ತಿದ್ದೆ. 1998ರಲ್ಲಿ ಲಿಬರೊ ಎಂಬ ಸ್ಥಾನ ಬಂದ ಮೇಲೆ ನಾನು ಮಾಡುತ್ತಿದ್ದ ತೇಪೆ ಹಚ್ಚುವ ಕೆಲಸವೇ ನಿಯಮವಾಯಿತು ಎನ್ನಬಹುದು. ಹಿಂದೆ ನಿಂತು ಚೆಂಡು ಎತ್ತಲಾರದ ಉದ್ದನೆಯವನ ಜಾಗಕ್ಕೆ ಎತ್ತಬಲ್ಲವನು ಬಂದು ಹೋಗಬಹುದು.

ತಾಲ್ಲೂಕು ಗೆದ್ದೆವು. ಜಿಲ್ಲೆಯಲ್ಲಿ ನನ್ನ ಬೆನ್ನು ತಟ್ಟಿದರು. ಒಂಬತ್ತನೆಯ ತರಗತಿಯಲ್ಲಿ ಅವನಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರುವಾಯಿತು, ಮುಟ್ಟಿದರೆ ಗಂಟು ಸಿಗುತ್ತಿತ್ತು. ಬೆಳೆಯುವ ಮೂಳೆಯನ್ನು ಅತಿಯಾಗಿ ನೆಗೆಸಿದರೆ ಬರುವ ನೋವು ಅದೆಂದು ಆಗ ನನಗೆ ಗೊತ್ತಿರಲಿಲ್ಲ. ಸೋಮಾರಿ ಎಂದೆ. ಹತ್ತನೆಯ ತರಗತಿಗೆ ಬಂದಾಗ ಅವನ ಎತ್ತರ ಐದು ಅಡಿ ಒಂಬತ್ತು. ಅಲ್ಲಿಗೆ ನಿಂತಿತು. ಅವನ ಭುಜಕ್ಕೆ ಬರುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಟವರ್ ಎಂಬ ಹೆಸರು ಮಾತ್ರ ಉಳಿದುಕೊಂಡು ಅವನನ್ನು ಅಣಕಿಸತೊಡಗಿತು. ಒಂದು ದಿನ ಅಂಗಳಕ್ಕೆ ಬರುವುದನ್ನೇ ಬಿಟ್ಟ.

ಬಹಳ ವರ್ಷದ ಮೇಲೆ ಬೆಳಗೋಡು ಕಡೆಯ ಒಂದು ರಾತ್ರಿ ಪಂದ್ಯದಲ್ಲಿ ಸಿಕ್ಕಿದ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಿದ್ದ. ಆಡಲ್ವೇನೋ ಎಂದೆ. ನಕ್ಕ. “ನಂಗೆ ಲಿಫ್ಟಿಂಗ್ ಕಲಿಸಿದ್ರೆ ಸಾ, ಇವತ್ತೂ ಆಡ್ತಿದ್ದೆ” ಎಂದ.

ಆಯ್ಕೆಯಲ್ಲಿ ಬಿಟ್ಟುಹೋದ ಹುಡುಗರ ಬಗ್ಗೆ ನಾವು ಮರುಗುತ್ತೇವೆ. ಆರಿಸಿ ಕೆಡಿಸಿದ ಹುಡುಗನ ಲೆಕ್ಕ ಯಾರೂ ಇಡುವುದಿಲ್ಲ.

5. ನೆರಳಿನ ಮರ

ಆರಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯಲು ನಮ್ಮ ತೋಟಗಳಲ್ಲಿ ಸಿಲ್ವರ್ ಮರ ನೋಡಿ. ಅದೂ ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಬಂದದ್ದು. ಬೇಗ ಏಳುತ್ತದೆ, ನೆಟ್ಟಗೆ ಏಳುತ್ತದೆ, ಮೆಣಸಿನ ಬಳ್ಳಿಗೆ ಕಂಬವಾಗುತ್ತದೆ. ಹಲಸು, ಅತ್ತಿ, ಬೀಟೆಗಳು ನಿಧಾನ. ಅನುಭವಸ್ಥ ಬೆಳೆಗಾರ ಎರಡನ್ನೂ ಇಟ್ಟುಕೊಳ್ಳುತ್ತಾನೆ. ಯಾವ ಮರವನ್ನೂ ನೆಟ್ಟು ಮರೆಯುವುದಿಲ್ಲ, ವರ್ಷವರ್ಷ ಕೊಂಬೆ ಸವರಿಸಿ ಮರಗಸಿ ಮಾಡಿಸುತ್ತಾನೆ. ಆಯ್ಕೆಯ ಜಾಣತನ ಸಸಿ ಕೊಳ್ಳುವ ದಿನ ಮುಗಿಯುವುದಿಲ್ಲ ಎಂಬುದು ತೋಟದಲ್ಲಿ ಎಲ್ಲರಿಗೂ ಗೊತ್ತು. ಅಂಗಳಕ್ಕೆ ಬಂದರೆ ಮರೆತುಬಿಡುತ್ತೇವೆ.

ಆಯ್ಕೆಯಾದ ಮೇಲೂ ಕಾದವರೆಂದರೆ ನಮ್ಮ ಜಿಲ್ಲೆಯ ಜಾವಗಲ್ ಹೆಸರನ್ನು ಹೊತ್ತ ವೇಗದ ಬೌಲರ್ ಶ್ರೀನಾಥರನ್ನೇ ನೆನೆಯಿರಿ. ಆರಡಿ ಮೂರಿಂಚಿನ ಸಣಕಲು ಹುಡುಗ. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯಿತು. ಸ್ಪಿನ್ನರುಗಳ ಆ ಕಾಲದಲ್ಲಿ ಬೆಂಚಿನ ಮೇಲೆ ಕೂತರೂ ಮುದುಡಲಿಲ್ಲ. ಕೊನೆಗೆ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್. ಅಷ್ಟು ಗಟ್ಟಿ ಮನಸ್ಸು ಎಲ್ಲ ಉದ್ದನೆಯ ಹುಡುಗರಿಗೂ ಇರುವುದಿಲ್ಲ. ಇಲ್ಲದವರ ಪಾಲಿಗೆ ಕಾಯುವ ಕೆಲಸ ನಮ್ಮದು.

ವಾಲಿಬಾಲಿನಲ್ಲೂ ದಾರಿ ಈಗ ತೆರೆದಿದೆ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಶುರುವಾದಾಗ ಮೊದಲ ಪ್ರಶಸ್ತಿ ಗೆದ್ದ ಕೋಲ್ಕತ್ತ ತಂಡದ ನಾಯಕ ನಮ್ಮ ಕರ್ನಾಟಕದ ಅಶ್ವಲ್ ರೈ, ನಡುವೆ ನಿಂತು ಬ್ಲಾಕ್ ಮಾಡುವ ಎತ್ತರದ ಆಟಗಾರ. ಬೆಂಗಳೂರು ಟಾರ್ಪಿಡೋಸ್ ತಂಡಕ್ಕೆ ತರಬೇತಿ ಕೊಟ್ಟ ಡೇವಿಡ್ ಲೀ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದ ಬ್ಲಾಕರ್. ಇಂಥವರ ಕಣ್ಣಿಗೆ ಬೀಳುವ ಹುಡುಗ ಹಾನುಬಾಳಿನಲ್ಲೋ ಪಾಳ್ಯದಲ್ಲೋ ಇವತ್ತು ಏಳನೆಯ ತರಗತಿಯಲ್ಲಿ ಕೂತಿರಬಹುದು. ಬಹುಶಃ ಮೊದಲ ಬೆಂಚಿನಲ್ಲಿ, ಗಿಡ್ಡನೆಂದು.

6. ಮೂರು ಕೋರಿಕೆ

ದೈಹಿಕ ಶಿಕ್ಷಕ ಮಿತ್ರರೇ, ನನ್ನದು ಮೂರೇ ಕೋರಿಕೆ.

ಒಂದು, ಶಾಲೆಯಲ್ಲಿ ಒಂದು ಪುಸ್ತಕವಿಡಿ. ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಪ್ರತಿ ಮಗುವಿನ ಎತ್ತರ, ಕೂತ ಎತ್ತರ, ಚಾಚಿದ ತೋಳಿನ ಅಳತೆ ಬರೆಯಿರಿ. ಒಂದು ದಿನದ ಅಳತೆ ಫೋಟೋ ಇದ್ದ ಹಾಗೆ, ಹುಡುಗ ಎಲ್ಲಿದ್ದಾನೆ ಎಂದಷ್ಟೇ ಹೇಳುತ್ತದೆ. ಆರು ಅಳತೆ ಸಾಲಾಗಿ ಸಿಕ್ಕರೆ ಎತ್ತ ಹೊರಟಿದ್ದಾನೆ ಎಂಬುದು ಕಾಣುತ್ತದೆ. ಭರದಿಂದ ಬೆಳೆಯುತ್ತಿರುವ ಆರು ತಿಂಗಳು ಅವನ ನೆಗೆತ ಕಡಿಮೆ ಮಾಡಿಸಿ. ಎಡವುತ್ತಾನೆ, ಚೆಂಡು ಬಿಡುತ್ತಾನೆ, ನಗಬೇಡಿ. ಹೊಸ ಕೈಕಾಲು ಅವನಿಗೇ ಇನ್ನೂ ಪರಿಚಯವಾಗಿರುವುದಿಲ್ಲ.

ಎರಡು, ಹದಿನಾಲ್ಕರ ಒಳಗೆ ಉದ್ದನೆಯವನನ್ನು ಲಿಫ್ಟರ್ ಮಾಡಿ, ಗಿಡ್ಡನೆಯವನ ಕೈಯಲ್ಲಿ ಸ್ಮ್ಯಾಷ್ ಹೊಡೆಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಸುಳ್ಳಾಗುವುದಿಲ್ಲ. ಎತ್ತರ ತಡವಾಗಿಯೂ ಬರಬಹುದು, ಬೆರಳಿನ ನಯ ಆ ವಯಸ್ಸಿನಲ್ಲೇ ಬರಬೇಕು. ಒಂದೆರಡು ಕಪ್ ಕೈತಪ್ಪಬಹುದು, ತಪ್ಪಲಿ.

ಮೂರು, ಯಾವ ಹುಡುಗನಿಗೂ ಅವನ ಅಳತೆಯ ಹೆಸರಿಡಬೇಡಿ.

ನಾನು ಟವರ್ ಎಂದು ಕರೆದವನ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಅವರ ಊರಿನ ಕಣದಲ್ಲಿ ಆಡುವುದನ್ನು ಕಂಡೆ. ಬಲೆಯ ಪಕ್ಕ ನಿಂತು ಬೆರಳ ತುದಿಯಲ್ಲಿ ಚೆಂಡು ಎತ್ತಿ ಕೊಡುತ್ತಿದ್ದ, ಸದ್ದೇ ಇಲ್ಲದ ಹಾಗೆ. ಯಾರು ಕಲಿಸಿದ್ದು ಎಂದು ಕೇಳಿದೆ. “ನಮ್ಮಪ್ಪ” ಎಂದ. ಅವನ ಅಪ್ಪ ಅದನ್ನು ಯಾರಿಂದ ಕಲಿತನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನಿಂದಲ್ಲ ಎಂಬುದು ಗೊತ್ತಿತ್ತು.