ಶ್ವಾಸಕೋಶದ ಕಲೆಗೆ ಸೊಪ್ಪಿನ ಮದ್ದು: ಎಲ್ಲಿಯವರೆಗೆ ನಂಬಬಹುದು?

(ಸೋಲದೇವನಹಳ್ಳಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಕಳೆ, ಗೊಬ್ಬರಗಳ ವಿಷಯ ಮಾತನಾಡುವ ನಾನು ಇಂದು ಎದೆಯ ರೋಗವೊಂದರ ವಿಷಯ ಎತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ, ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೂ ನಾನು ಬೆಳೆಯ ಡಾಕ್ಟರ್. ಆದರೆ ಈ ರೋಗ ತರುವ ಧೂಳು, ಬೂಷ್ಟು, ವಿಷಗಳಲ್ಲಿ ಹಲವು ನಮ್ಮ ಹೊಲ, ಕೊಟ್ಟಿಗೆಗಳಲ್ಲೇ ಇವೆ. ಮದ್ದೆಂದು ಜನ ಹೇಳುವ ಗಿಡಗಳೂ ನಮ್ಮ ಬೇಲಿಯಲ್ಲೇ ಇವೆ. ಆದ್ದರಿಂದ ಮಾತನಾಡಬೇಕಾಗಿದೆ.

ಇನ್ನೊಂದು ಕಾರಣವೂ ಉಂಟು. ನಮ್ಮ ತಂದೆಯವರಿಗೆ ಒಣ ಕೆಮ್ಮು ಹತ್ತಿತ್ತು. ದನಗಳಿಗೆ ಹುಲ್ಲು ಹಾಕಿ ಬಂದ ದಿನ ಸಂಜೆ ಮೈ ಬಿಸಿಯಾಗುತ್ತಿತ್ತು. ನಾವು ಎರಡು ವರ್ಷ ಆಡುಸೋಗೆ ಕಷಾಯ ಕೊಟ್ಟೆವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಎರಡೂ ಶ್ವಾಸಕೋಶಗಳಲ್ಲಿ ಕಲೆ ಬಿದ್ದಿತ್ತು. ಕಷಾಯ ಅವರನ್ನು ಕೆಡಿಸಲಿಲ್ಲ. ಆದರೆ ಅದನ್ನು ನಂಬಿ ನಾವು ಕಳೆದ ಎರಡು ವರ್ಷ ಕೆಡಿಸಿತು. ಬೂಷ್ಟು ಹಿಡಿದ ಹುಲ್ಲಿನ ಮೇಲೆ ಅನುಮಾನ ನನಗೇ ಬರಲಿಲ್ಲ.

ರೋಗ ಎಂದರೇನು?

ಗಾಯ ಮಾಗಿದ ಕಡೆ ಚರ್ಮ ಗಟ್ಟಿಯಾಗುವುದನ್ನು ನೋಡಿದ್ದೀರಿ. ಶ್ವಾಸಕೋಶದ ಒಳಗೂ ಹಾಗೆಯೇ ಗಟ್ಟಿ ನಾರು ಬೆಳೆದರೆ ಗಾಳಿಯಲ್ಲಿನ ಆಮ್ಲಜನಕ ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ. ಒಣ ಕೆಮ್ಮು, ದಿಬ್ಬ ಹತ್ತುವಾಗ ಏದುಸಿರು, ಆಯಾಸ ಇದರ ಲಕ್ಷಣಗಳು. ಕೆಲವರಿಗೆ ಬೆರಳ ತುದಿ ದಪ್ಪವಾಗುತ್ತದೆ. ಕಾರಣ ತಿಳಿಯದೆ ಬರುವುದೂ ಉಂಟು. ಕಾರಣ ಇರುವುದೂ ಉಂಟು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೋಲಾರದ ಚಿನ್ನದ ಗಣಿ ಕೆಲಸಗಾರರನ್ನು ಕಾಡಿದ ರೋಗ. ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರಿಗೆ ಆ ಭಯ ಇಂದಿಗೂ ಇದೆ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತದ 19 ನಗರಗಳ 27 ಆಸ್ಪತ್ರೆಗಳಿಂದ ಇಂಥ ಶ್ವಾಸಕೋಶ ರೋಗಗಳ 1,084 ರೋಗಿಗಳ ವಿವರ ಸೇರಿಸಲಾಗಿತ್ತು. ಅವರಲ್ಲಿ ಶೇ. 47ರಷ್ಟು ಜನರ ರೋಗ ಉಸಿರಿನೊಡನೆ ಒಳಹೋದ ಬೂಷ್ಟು, ಪಕ್ಷಿಯ ಹಿಕ್ಕೆ, ಪುಕ್ಕದ ಧೂಳು ಮುಂತಾದವು ಒಗ್ಗದೆ ಬಂದದ್ದು. ಏರ್ ಕೂಲರ್ ಮತ್ತು ಪಾರಿವಾಳ ಅಲ್ಲಿ ಮುಖ್ಯವಾಗಿ ಕಂಡವು. ಈ ಗುಂಪಿಗೆ ಸೇರಿದ್ದೇ 'ರೈತರ ಶ್ವಾಸಕೋಶ' ಎಂಬ ರೋಗ. ತೇವದ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಕಾವೇರಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಹುಲ್ಲು ಎಳೆದಾಗ ಏಳುವ ಪುಡಿ ಎದೆಗೆ ಹೋಗುತ್ತದೆ. ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿ, ಜ್ವರ, ಕೆಮ್ಮು ಬಂದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ಕಲೆ ಉಳಿಯಬಹುದು.

ಗಿಡಮೂಲಿಕೆಗಳ ವಿಚಾರ

ಆಡುಸೋಗೆಯನ್ನು ನಾನು ಹಳಿಯುವುದಿಲ್ಲ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧಿ ಬಂತು. ಆದರೆ ಅದರ ಕೆಲಸ ಕಫದ ಮೇಲೆ. ಕಲೆ ಬಿದ್ದ ಶ್ವಾಸಕೋಶದಲ್ಲಿ ಮುಖ್ಯ ತೊಂದರೆ ಕಫವಲ್ಲ, ನಾರು. ಗರ್ಭಿಣಿಯರಂತೂ ಈ ಕಷಾಯ ಕುಡಿಯಬಾರದು.

ಇನ್ನು ಅರಿಶಿನ. ಇಲಿಗಳಿಗೆ ಬ್ಲಿಯೋಮೈಸಿನ್ ಎಂಬ ಔಷಧಿ ಕೊಟ್ಟು ಶ್ವಾಸಕೋಶದಲ್ಲಿ ಕಲೆ ಬರಿಸುತ್ತಾರೆ. 2000ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರಿಶಿನದ ಕರ್ಕ್ಯುಮಿನ್ ಕೊಟ್ಟ ಇಲಿಗಳಲ್ಲಿ ಕಲೆ ಕಡಿಮೆಯಾಯಿತು. ಸಂತೋಷದ ಸುದ್ದಿಯೇ. ಆದರೆ ಲೆಕ್ಕ ಹಾಕಿ ನೋಡೋಣ. ಇಲಿಗೆ ಕೊಟ್ಟದ್ದು ಒಂದು ಕಿಲೋ ತೂಕಕ್ಕೆ 300 ಮಿಲಿಗ್ರಾಂ. ಅದೂ ರೋಗ ಬರಿಸುವ 10 ದಿನ ಮೊದಲಿನಿಂದ. 60 ಕಿಲೋ ತೂಕದ ಮನುಷ್ಯನಿಗೆ ಅದು ದಿನಕ್ಕೆ 18 ಗ್ರಾಂ ಕರ್ಕ್ಯುಮಿನ್. ಅರಿಶಿನದ ಪುಡಿಯಲ್ಲಿ ಶೇ. 3ರಷ್ಟು ಕರ್ಕ್ಯುಮಿನ್ ಎಂದರೆ ದಿನಕ್ಕೆ 600 ಗ್ರಾಂ ಪುಡಿ! ಇಲಿಯ ಪ್ರಮಾಣದ ಆರನೇ ಒಂದು ಭಾಗ ಹಿಡಿದರೂ 100 ಗ್ರಾಂ. ತಿಂದದ್ದರಲ್ಲೂ ರಕ್ತಕ್ಕೆ ಸೇರುವುದು ಬಹಳ ಅಲ್ಪ. ಊಟದ ಅರಿಶಿನ ಅಡುಗೆಗಿರಲಿ. ಅದನ್ನು ಈ ರೋಗದ ಚಿಕಿತ್ಸೆ ಎನ್ನಲಾಗದು.

ಹೊಸ ಗೊಬ್ಬರ ಬಂದರೆ ನಾವು ಏನು ಮಾಡುತ್ತೇವೆ? ಹಾಕಿದ ತಾಕು, ಹಾಕದ ತಾಕು ಪಕ್ಕಪಕ್ಕ ಇಟ್ಟು ಇಳುವರಿ ತೂಗುತ್ತೇವೆ. ಮದ್ದಿಗೂ ಅದೇ ನ್ಯಾಯ, ಆಸ್ಪತ್ರೆಯ ಮದ್ದಿಗೂ ಅದೇ. ಕಾರಣ ತಿಳಿಯದ ಶ್ವಾಸಕೋಶದ ಕಲೆಗೆ ವೈದ್ಯರು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುತ್ತಿದ್ದ ಕಾಲವಿತ್ತು. ಹೋಲಿಸಿ ನೋಡಿದಾಗ ಆ ಮದ್ದು ಪಡೆದವರಲ್ಲೇ ಹೆಚ್ಚು ಸಾವು ಕಂಡವು. 2012ರಲ್ಲಿ ಆ ಫಲಿತಾಂಶ ಪ್ರಕಟವಾಗಿ ಆ ಪದ್ಧತಿ ಬಿಟ್ಟುಹೋಯಿತು. ಪರೀಕ್ಷೆಯಲ್ಲಿ ಗೆದ್ದ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು, ನಮ್ಮಲ್ಲೂ ಸಿಗುತ್ತವೆ. ಅವೂ ಕಲೆಯನ್ನು ಅಳಿಸುವುದಿಲ್ಲ, ಹಬ್ಬುವ ವೇಗವನ್ನು ತಗ್ಗಿಸುತ್ತವೆ. ಪಿರ್ಫೆನಿಡೋನ್ ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ತಾಗದು. ತೋಳು ಮುಚ್ಚುವ ಅಂಗಿ, ಟೋಪಿ ಬೇಕು. ಬೀಡಿ ಸೇದಿದರೆ ಅದರ ಬಲ ಕುಗ್ಗುತ್ತದೆ. ಎರಡೂ ಯಕೃತ್ತಿಗೆ ತೊಂದರೆ ಕೊಡಬಲ್ಲವು. ಅರಿಶಿನ, ಅಶ್ವಗಂಧದ ಮಾತ್ರೆಗಳಿಂದಲೂ ಕೆಲವರ ಯಕೃತ್ತು ಕೆಟ್ಟ ವರದಿಗಳಿವೆ. ಆದ್ದರಿಂದ ಮನೆಯಲ್ಲಿ ತೆಗೆದುಕೊಳ್ಳುವ ಕಷಾಯ, ಚೂರ್ಣ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ನಾವು ಮಾಡಬೇಕಾದುದು

1. ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಮೆದೆ ಹಾಕಿ. ರಾಗಿ ಕೊಯ್ಲಿನಲ್ಲಿ ಮಳೆ ಸಿಕ್ಕ ಹುಲ್ಲನ್ನು ಬೇರೆಯಾಗಿಡಿ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ. ಕೆದರುವ ಮೊದಲು ನೀರು ಚಿಮುಕಿಸಿ.

2. ಧೂಳಿನ ಕೆಲಸಕ್ಕೆ ಟವಲು ಸಾಲದು. ಎನ್-95 ಮುಖಗವಸು ಧರಿಸಿ.

3. ಇಲ್ಲೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಕಲಿತು ಅಣಬೆ ಬೆಳೆಯುವವರು ನಿಮ್ಮಲ್ಲಿರಬಹುದು. ಚಿಪ್ಪಣಬೆಯ ಬೀಜಕಣಗಳೂ ಇದೇ ರೋಗ ತರಬಲ್ಲವು. ಅಣಬೆಯ ಅಂಚು ಮೇಲಕ್ಕೆ ತಿರುಗುವ ಮೊದಲೇ ಕೊಯ್ಯಿರಿ. ಕೋಣೆಗೆ ಗಾಳಿಯಾಡಲಿ, ಮುಖಗವಸು ಇರಲಿ.

4. ಪ್ಯಾರಾಕ್ವಾಟ್ ಕಳೆನಾಶಕ ನನ್ನ ವಿಷಯಕ್ಕೆ ಸೇರಿದ್ದು. ಒಂದು ಗುಟುಕು ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ಬದುಕಿದವರಿಗೂ ವಾರಗಳಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಅದನ್ನು ನೀರಿನ ಬಾಟಲಿಗೆ ಎಂದೂ ಸುರಿಯಬೇಡಿ, ಬೀಗ ಹಾಕಿಡಿ. ಅವಘಡವಾದರೆ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.

5. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯದ ಪರೀಕ್ಷೆ ಮಾಡಿಸಿ. ಅದು ಅಲ್ಲವೆಂದಾದರೂ ಏದುಸಿರು ಬಿಡದಿದ್ದರೆ ಎದೆಯ ತಜ್ಞರನ್ನು ಕಾಣಿ. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ನಿಮ್ಮ ಕೆಲಸವೇನು, ಹುಲ್ಲು, ಪಾರಿವಾಳ, ಕಲ್ಲಿನ ಧೂಳು ಉಂಟೇ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ನಮ್ಮ ತಂದೆಯವರು ಕೊಟ್ಟಿಗೆಯ ಕೆಲಸ ಬಿಟ್ಟ ಮೇಲೆ ಸಂಜೆಯ ಜ್ವರ ನಿಂತಿತು. ಬಿದ್ದ ಕಲೆ ಮಾತ್ರ ಹೋಗಲಿಲ್ಲ. ಕಳೆ ಬೀಜ ಕಟ್ಟುವ ಮುನ್ನ ಕೀಳಬೇಕೆಂದು ನಾನು ವರ್ಷವರ್ಷ ನಿಮಗೆ ಹೇಳುತ್ತೇನೆ. ಈ ರೋಗಕ್ಕೂ ಅದೇ ಮಾತು. ಕೆಮ್ಮಿಗೆ ಕಷಾಯ ಕುಡಿಯುವವರು ಕುಡಿಯಿರಿ. ಆದರೆ ಆಸ್ಪತ್ರೆಗೆ ಹೋಗುವ ದಿನವನ್ನು ಮುಂದಕ್ಕೆ ಹಾಕಬೇಡಿ.